ಮೂರನೆಯ ಪಾಠ ಬೇಡ

ಇಪ್ಪತ್ತೆರಡು ವರ್ಷ ಇಂಗ್ಲಿಷ್ ವ್ಯಾಕರಣ ಹೇಳಿಕೊಟ್ಟವನು ನಾನು. ಒಂದು ಮಾತನ್ನು ಎದೆ ತಟ್ಟಿ ಹೇಳಬಲ್ಲೆ. ಆ ಭಾಷೆಯಲ್ಲಿ ನಮ್ಮವರಿಗೆ ಕಷ್ಟವಾಗುವುದು ‘ಹೌದು’ ಎನ್ನುವುದಲ್ಲ, ‘ಇಲ್ಲ’ ಎನ್ನುವುದು. ನಮ್ಮ ಮಾತಿನಲ್ಲಿ ಇದು ಎಷ್ಟು ಸಲೀಸು ನೋಡಿ. ವಾಕ್ಯವನ್ನು ಆರಾಮಾಗಿ ಕೊನೆಯವರೆಗೂ ಎಳೆದುಕೊಂಡು ಹೋಗಿ, ಅಲ್ಲಿ ಮನಸ್ಸು ಬದಲಾದರೆ ಒಂದು ‘ಇಲ್ಲ’ ಸಿಕ್ಕಿಸಿಬಿಟ್ಟರೆ ಮುಗಿಯಿತು. ಕೇಳುವವನು ಅಲ್ಲಿಯತನಕ ಆಸೆಯಲ್ಲಿರುತ್ತಾನೆ. ಇಂಗ್ಲಿಷಿನಲ್ಲಿ ಆ ಸೌಕರ್ಯವಿಲ್ಲ. ಬಾಯಿ ತೆರೆದ ತಕ್ಷಣ ‘ಡು’ ಬೇಕೋ ‘ಡಸ್’ ಬೇಕೋ ತೀರ್ಮಾನಿಸಬೇಕು, ಅದರ ಬೆನ್ನಿಗೆ ‘ನಾಟ್’ ಕೂರಿಸಬೇಕು, ಆಮೇಲೆ ಕ್ರಿಯಾಪದಕ್ಕೆ ಅಂಟಿಕೊಂಡಿರುವ ‘ಎಸ್’ ಅನ್ನು ಕಿತ್ತುಹಾಕಬೇಕು. ‘ಹಿ ಡಸ್ ನಾಟ್ ಕಮ್ಸ್’ ಎಂದು ಬರೆದವರ ‘ಎಸ್’ಗೆ ಕೆಂಪು ಗೀಟು ಎಳೆದೂ ಎಳೆದೂ ನನ್ನ ಅರ್ಧ ಆಯಸ್ಸು ಕಳೆಯಿತು.

ಅಂಥ ನನ್ನನ್ನು ಒಂದು ಅಂಗಿ ಕಾರ್ಖಾನೆಯವರು ಕರೆದು, ‘ಇಲ್ಲ’ ಎನ್ನುವುದೊಂದನ್ನು ಬಿಟ್ಟು ಮಿಕ್ಕ ಇಂಗ್ಲಿಷನ್ನೆಲ್ಲ ಕಲಿಸಿ ಎಂದರು. ನಾನು ಆಗಲಿ ಎಂದೆ.

ಯಾಕೆ ಎಂದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ನಾನು ಪಾಠ ಹೇಳುತ್ತಿದ್ದ ಟ್ಯುಟೋರಿಯಲ್ ಮುಚ್ಚಿ ಎಂಟು ತಿಂಗಳಾಗಿತ್ತು. ಅಂದಿನಿಂದ ಅಕ್ಕನ ಮನೆಯ ನಡುಮನೆಯಲ್ಲಿ, ಟಿವಿಯ ಎದುರಿನ ದಿವಾನದ ಮೇಲೆ ನನ್ನ ಬಿಡಾರ. ಮನೆಯಲ್ಲಿ ಅಕ್ಕ, ಭಾವ, ಹೈಸ್ಕೂಲು ಓದುವ ಅವರ ಮಗಳು. ಭಾವ ಕೆಟ್ಟವರಲ್ಲ. ಆದರೆ ಬೆಳಿಗ್ಗೆ ಪೇಪರ್ ಓದಿ ಮುಗಿಸಿದ ಮೇಲೆ ಕೆಲಸ ಖಾಲಿ ಇರುವ ಪುಟವನ್ನು ಮಾತ್ರ ಬೇರೆ ಮಡಿಸಿ ನನ್ನ ದಿಂಬಿನ ಪಕ್ಕ ಇಡುತ್ತಿದ್ದರು. ನಲವತ್ತಾರು ವರ್ಷದ ಗಂಡಸಿಗೆ ಅದಕ್ಕಿಂತ ದೊಡ್ಡ ಅಲಾರಂ ಬೇಕಿಲ್ಲ.

ಅಕ್ಕ ಆ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಇದ್ದವಳು. ಅಂಗಿ ಕೊಳ್ಳುವ ವಿದೇಶಿ ಕಂಪನಿಯವರು ಹೊಸ ನಿಯಮ ಮಾಡಿದ್ದರಂತೆ. ಅವರ ಇನ್‌ಸ್ಪೆಕ್ಟರ್ ಬಂದಾಗ ಮ್ಯಾನೇಜರಾಗಲಿ ಅವರ ಕಡೆಯ ದುಭಾಷಿಯಾಗಲಿ ನಡುವೆ ಬಾಯಿ ಹಾಕಬಾರದು, ಕೆಲಸದವರ ಜೊತೆ ನೇರವಾಗಿ ಮಾತಾಡಬೇಕು ಎಂದು. ಅದಕ್ಕೇ ಇಪ್ಪತ್ತು ಜನ ಹೆಂಗಸರನ್ನು ಆರಿಸಿ ಎರಡು ತಿಂಗಳಲ್ಲಿ ಇಂಗ್ಲಿಷ್ ಬರಿಸಬೇಕಿತ್ತು. ‘ನನ್ನ ತಮ್ಮ ಒಬ್ಬ ಇದಾನೆ’ ಎಂದು ಹೇಳಿ ನನಗೆ ಆ ಕೆಲಸ ಕೊಡಿಸಿದವಳು ಅಕ್ಕನೇ. ತಪಾಸಣೆ ಸಾಂಗವಾಗಿ ಮುಗಿದರೆ ತರಬೇತಿ ಅಧಿಕಾರಿ ಎಂದು ಖಾಯಂ ಮಾಡುವುದಾಗಿ ಮ್ಯಾನೇಜರು ಮಾತು ಕೊಟ್ಟಿದ್ದರು.

ಮ್ಯಾನೇಜರಿಗೆ ಕಾರ್ಖಾನೆಯಲ್ಲಿ ‘ಪಾಸಿಟಿವ್ ಸಾರ್’ ಎಂದು ಹೆಸರು. ಎಲ್ಲೋ ಮೂರು ದಿನದ ಶಿಬಿರಕ್ಕೆ ಹೋಗಿ ಬಂದಾಗಿನಿಂದ ಅವರಿಗೆ ‘ಇಲ್ಲ’ ಎಂಬ ಶಬ್ದ ಕಿವಿಗೆ ಬಿದ್ದರೆ ಆಗುತ್ತಿರಲಿಲ್ಲ. ದಾರ ಇಲ್ಲ ಎನ್ನುವಂತಿಲ್ಲ, ದಾರ ಬರ್ತಾ ಇದೆ ಎನ್ನಬೇಕು. ರಜೆ ಇಲ್ಲ ಎನ್ನುವಂತಿಲ್ಲ, ರಜೆ ಮುಂದಿನ ತಿಂಗಳು ಇದೆ. ಲಿಫ್ಟ್ ಕೆಟ್ಟು ಒಂದು ವರ್ಷವಾಗಿತ್ತು. ಅದರ ಬಾಗಿಲಿಗೆ ‘ಮೆಟ್ಟಿಲು ಹತ್ತುವುದು ಹೃದಯಕ್ಕೆ ಒಳ್ಳೆಯದು’ ಎಂಬ ಬೋರ್ಡು ತೂಗಿತ್ತು. ಬಾಯಿ ತಪ್ಪಿ ‘ಇಲ್ಲ’ ಎಂದವರು ಒಂದು ಗಂಟೆ ನಿಂತು ಕೆಲಸ ಮಾಡಬೇಕು ಎಂಬ ನಿಯಮವಿತ್ತು. ಇಸ್ತ್ರಿಯವರು ಹೇಗೂ ದಿನವಿಡೀ ನಿಂತೇ ಇರುವವರು. ಆದ್ದರಿಂದ ಇಡೀ ಕಾರ್ಖಾನೆಯಲ್ಲಿ ಅವರು ಮಾತ್ರ ಧಾರಾಳವಾಗಿ ‘ಇಲ್ಲ’ ಎನ್ನುತ್ತಿದ್ದರು.

ಮೊದಲ ದಿನ ನಾನು ಪಾಠಗಳ ಪಟ್ಟಿ ಹಿಡಿದು ಅವರ ಕೋಣೆಗೆ ಹೋದೆ. ಮೂರನೆಯದರ ಮೇಲೆ ಅವರ ಬೆರಳು ನಿಂತಿತು.

“ಇದೇನು ಮೇಷ್ಟ್ರೇ?”

“ನಿಷೇಧ ವಾಕ್ಯ ಸಾರ್. ಇಲ್ಲ, ಅಲ್ಲ, ಬೇಡ ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳೋದು ಅಂತ.”

ಅವರು ನನ್ನನ್ನು ಕನಿಕರದಿಂದ ನೋಡಿದರು. “ಬಂದ ಅತಿಥಿಗಳ ಮುಂದೆ ಯಾರಾದ್ರೂ ಇಲ್ಲ ಅಂತಾರಾ? ನೀರು ಸಿಗಲ್ಲ, ಗಾಳಿ ಬರಲ್ಲ, ಅದು ಕೊಡಲ್ಲ, ಇದು ಕೊಡಲ್ಲ. ಆ ದಾರಿಯನ್ನೇ ಯಾಕೆ ತೋರಿಸ್ತೀರಿ? ಅವರಿಗೆ ಆ ವಾಕ್ಯವೇ ಬರದಿದ್ರೆ ದೂರು ಎಲ್ಲಿಂದ ಬರುತ್ತೆ ಹೇಳಿ. ಮೂರನೇ ಪಾಠ ಬೇಡ.”

ಇಂಗ್ಲಿಷಿನಿಂದ ‘ನಾಟ್’ ತೆಗೆಯುವುದೆಂದರೆ ಅಂಗಿಯಿಂದ ಗುಂಡಿ ತೆಗೆದಂತೆ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಖಾಯಂ ಎಂಬ ಎರಡಕ್ಷರ ನನ್ನ ನಾಲಿಗೆಯ ಮೇಲೆ ಕೂತಿತ್ತು. ಕೋಲೆ ಬಸವನ ಹಾಗೆ ತಲೆಯಾಡಿಸಿ ಬಂದೆ. ಸಂಜೆ ಭಾವನಿಗೆ ಇದನ್ನು ಹೇಳಿದಾಗ ಅವರು ಪೇಪರ್ ಕೆಳಗಿಟ್ಟು, “ಹಾಗಾದ್ರೆ ಇವತ್ತಿಂದ ನೀನು ಹೌದಪ್ಪ ಮೇಷ್ಟ್ರು” ಎಂದು ನಕ್ಕರು.

ಪಾಠ ಊಟದ ಬಿಡುವಿನ ಮೇಲೆ ಒಂದು ಗಂಟೆ, ಬಟ್ಟೆಯ ಉರುಳೆಗಳನ್ನು ಪೇರಿಸಿಟ್ಟ ಕೋಣೆಯಲ್ಲಿ. ಹೆಂಗಸರು ಉರುಳೆಗಳ ಮೇಲೇ ಕೂರುತ್ತಿದ್ದರು. ‘ನಾಟ್’ ಇಲ್ಲದೆ ಪಾಠ ಮಾಡುವುದು ಹೇಗೆಂದು ಎರಡು ದಿನ ತಲೆ ಕೆರೆದುಕೊಂಡು ನಾನೊಂದು ಉಪಾಯ ಕಂಡುಹಿಡಿದೆ. ಕೇಳಿದ ಪ್ರಶ್ನೆಯಲ್ಲೇ ಉತ್ತರವಿರುತ್ತದೆ. ಅದನ್ನು ಎತ್ತಿಕೊಳ್ಳಿ, ಮೊದಲ ಶಬ್ದವನ್ನು ಕರ್ತೃಪದದ ಆಚೆಗೆ ಸರಿಸಿ, ಮುಂದೆ ‘ಯೆಸ್’ ಸೇರಿಸಿ. ಆರ್ ಯು ಹ್ಯಾಪಿ? ಯೆಸ್, ವಿ ಆರ್ ಹ್ಯಾಪಿ. ಈಸ್ ದ ರೂಮ್ ಕ್ಲೀನ್? ಯೆಸ್, ದ ರೂಮ್ ಈಸ್ ಕ್ಲೀನ್. ಒಂದೇ ವಾರದಲ್ಲಿ ಇಪ್ಪತ್ತೂ ಜನ ಪಟಪಟ ಎನ್ನತೊಡಗಿದರು. ಕಾಲರ್ ಹೊಲಿಯುವ ಒಬ್ಬ ಹಿರಿಯಾಕೆಯಿದ್ದಳು, ಎಲ್ಲರೂ ಅವಳನ್ನು ಕಾಲರಮ್ಮ ಎನ್ನುತ್ತಿದ್ದರು. ಅವಳಂತೂ ನಾನು ಪ್ರಶ್ನೆ ಮುಗಿಸುವ ಮೊದಲೇ ‘ಯೆಸ್’ ಎಂದುಬಿಡುತ್ತಿದ್ದಳು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಪಾಸಿಟಿವ್ ಸಾರ್ ಕೂಡ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿ ಕಣ್ಣೊರೆಸಿಕೊಂಡರು.

ಆ ಇಪ್ಪತ್ತು ಜನರಲ್ಲಿ ಪಾಠಕ್ಕೆ ತಕರಾರು ತೆಗೆದವಳು ಅಕ್ಕ ಒಬ್ಬಳೇ.

“‘ಬಾಗಿಲು ತೆಗೆಯಲ್ಲ’ ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳೋದು?” ಎಂದು ಕೇಳಿದಳು.

ಯಾವ ಬಾಗಿಲು ಎಂದು ಎಲ್ಲರಿಗೂ ಗೊತ್ತಿತ್ತು. ಇಸ್ತ್ರಿ ವಿಭಾಗ ಎರಡನೆಯ ಮಹಡಿಯಲ್ಲಿ. ಅದರ ಹಿಂದೆ ಹೊರಗಿನ ಮೆಟ್ಟಿಲಿಗೆ ತೆರೆಯುವ ಕಬ್ಬಿಣದ ಬಾಗಿಲು. ಎಂದೋ ಒಮ್ಮೆ ಅಲ್ಲಿಂದ ಅಂಗಿ ಕಳುವಾದವೆಂದು ಪಾಸಿಟಿವ್ ಸಾರ್ ಅದಕ್ಕೆ ಬೀಗ ಜಡಿಸಿ ಕೀಲಿಯನ್ನು ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. ನಾನು ಸೇರುವುದಕ್ಕೆ ಒಂದು ತಿಂಗಳ ಮುಂಚೆ ಒಂದು ಇಸ್ತ್ರಿಪೆಟ್ಟಿಗೆಯ ವೈರು ಸುಟ್ಟು, ಪಕ್ಕದ ಬಟ್ಟೆಯ ರಾಶಿಗೆ ಕಿಡಿ ಹಾರಿ, ಹೊಗೆ ತುಂಬಿಕೊಂಡಿತ್ತು. ಹದಿನೆಂಟು ಹೆಂಗಸರು ಆ ಬಾಗಿಲಿಗೆ ಓಡಿ ಅದನ್ನು ಗುದ್ದುತ್ತ ನಿಂತಿದ್ದರು. ಮುಂದಿನ ಬಾಗಿಲಿನ ಕಡೆಯೇ ಬೆಂಕಿ. ಯಾರೋ ಕೆಳಗೆ ಮೇನ್ ಸ್ವಿಚ್ ಆರಿಸಿ, ಬಕೆಟ್ಟು ನೀರು ತಂದು ಸುರಿಯುವಷ್ಟರಲ್ಲಿ ಇಬ್ಬರಿಗೆ ಪ್ರಜ್ಞೆ ತಪ್ಪಿತ್ತು. ಅವರಲ್ಲಿ ಅಕ್ಕ ಒಬ್ಬಳು. ಮರುದಿನ ಪಾಸಿಟಿವ್ ಸಾರ್ ಎಲ್ಲರನ್ನೂ ಸೇರಿಸಿ, ‘ನಾವೆಲ್ಲರೂ ಇದ್ದೇವೆ’ ಎಂದು ಚಪ್ಪಾಳೆ ಹೊಡೆಸಿದ್ದರು. ಬೀಗ ಮಾತ್ರ ಹಾಗೇ ಇತ್ತು.

“ಅದು ನಮ್ಮ ಪಾಠದಲ್ಲಿ ಬರಲ್ಲ” ಎಂದೆ ಅಕ್ಕನಿಗೆ, ತರಗತಿಯಲ್ಲಿ.

ಮನೆಯಲ್ಲಿ ಅವಳು ಮತ್ತೆ ಕೇಳಿದಳು. “ಒಂದೇ ಒಂದು ವಾಕ್ಯ ಕಣೋ. ನಿನ್ನ ಗಂಟೇನು ಹೋಗುತ್ತೆ?”

“ಖಾಯಂ ಆಗ್ಲಿ ಅಕ್ಕ. ಆಮೇಲೆ ಎಷ್ಟು ಬೇಕಾದ್ರೂ ಕಲಿಸ್ತೀನಿ.”

“ಆಮೇಲೆ ಕಲಿತು ಗೋಡೆಗೆ ಹೇಳ್ಲಾ?”

ನನಗೆ ರೇಗಿತು. ಟ್ಯುಟೋರಿಯಲ್ ಮುಚ್ಚಿದ್ದು ನನ್ನ ತಪ್ಪೇ, ಈ ವಯಸ್ಸಿನಲ್ಲಿ ದಿವಾನದ ಮೇಲೆ ಮಲಗುವುದು ನನಗೆ ಖುಷಿಯೇ ಎಂದೆಲ್ಲ ಕೂಗಾಡಿದೆ. ಅವಳು ಆಮೇಲೆ ಆ ಮಾತೆತ್ತಲಿಲ್ಲ. ಬುದ್ಧಿ ಬಂತು ಎಂದುಕೊಂಡು ನಾನು ಸಮಾಧಾನದಿಂದ ಊಟ ಮಾಡಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ತಪಾಸಣೆಯ ದಿನ ಬಂತು. ಬೆಳಿಗ್ಗೆಯೇ ಕಬ್ಬಿಣದ ಬಾಗಿಲ ಬೀಗ ತೆಗೆದು, ಎರಡೂ ಕದ ಹಾರುಹೊಡೆದು, ನೆಲದ ಮೇಲೆ ಹಸಿರು ಬಾಣದ ಗುರುತು ಬರೆಸಿದ್ದರು. ಬಣ್ಣ ಇನ್ನೂ ಹಸಿಯಾಗಿತ್ತು. ಇನ್‌ಸ್ಪೆಕ್ಟರ್ ಎಂದರೆ ಸೂಟುಬೂಟಿನ ಯಾರೋ ಎಂದುಕೊಂಡಿದ್ದೆವು. ಬಂದವಳು ನನ್ನ ವಯಸ್ಸಿನ ಒಬ್ಬ ಹೆಂಗಸು, ಕಾಲಿಗೆ ಕ್ಯಾನ್ವಾಸ್ ಬೂಟು, ಕೈಯಲ್ಲೊಂದು ನೋಟ್‌ಬುಕ್ಕು. ಅವಳು ಬಂದವಳೇ ಮ್ಯಾನೇಜರನ್ನೂ ನನ್ನನ್ನೂ ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿದಳು.

ಮೊದಲು ಕಾಲರಮ್ಮ. ಖುಷಿಯಾಗಿದ್ದೀರಾ? ಯೆಸ್. ಕುಡಿಯಲು ನೀರು ಇದೆಯಾ? ಯೆಸ್. ಗಾಳಿ ಬೆಳಕು? ಯೆಸ್, ಯೆಸ್. ಪಾಸಿಟಿವ್ ಸಾರ್ ನನ್ನ ಭುಜ ಅದುಮಿದರು. ಇನ್‌ಸ್ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ ಕಾಲರಮ್ಮನ ಮುಖ ನೋಡಿದಳು. ಆಮೇಲೆ ಅದೇ ಮೆಲುದನಿಯಲ್ಲಿ, “ಆರ್ ಯು ಎ ಮ್ಯಾನ್?” ಎಂದಳು.

“ಯೆಸ್,” ಎಂದಳು ಕಾಲರಮ್ಮ ಹೆಮ್ಮೆಯಿಂದ, “ಐ ಆಮ್ ಎ ಮ್ಯಾನ್.”

ಭುಜದ ಮೇಲಿನ ಕೈ ಜಾರಿತು. ಇನ್‌ಸ್ಪೆಕ್ಟರ್ ನಗಲಿಲ್ಲ. ಒಂದೊಂದೇ ಮೇಜಿನ ಮುಂದೆ ನಿಂತು ಈಗ ಬೇರೆಯೇ ಪ್ರಶ್ನೆ ಕೇಳತೊಡಗಿದಳು. ಸೂಪರ್‌ವೈಸರ್ ಬೈತಾರಾ? ಯೆಸ್, ಸೂಪರ್‌ವೈಸರ್ ಬೈತಾರೆ. ಭಾನುವಾರವೂ ಕೆಲಸಕ್ಕೆ ಬರ್ತೀರಾ? ಯೆಸ್, ಭಾನುವಾರವೂ ಬರ್ತೀವಿ. ನನ್ನ ಉಪಾಯ ಯಾವ ಪ್ರಶ್ನೆಗೂ ಕೈಕೊಡಲಿಲ್ಲ. ಅಷ್ಟು ಗಟ್ಟಿಯಾಗಿ ನಾನು ಜನ್ಮದಲ್ಲಿ ಏನನ್ನೂ ಕಲಿಸಿದವನಲ್ಲ. ಪಾಸಿಟಿವ್ ಸಾರ್ ನನ್ನ ಕಿವಿಯ ಹತ್ತಿರ ಬಾಯಿ ತಂದು, “ನೋ ಅನ್ನಕ್ಕೆ ಹೇಳ್ರೀ” ಎಂದು ಹಲ್ಲು ಕಡಿದರು. ಅವರ ಬಾಯಲ್ಲಿ ಆ ಶಬ್ದ ಕೇಳಿದ್ದು ಅದೇ ಮೊದಲು.

ಆದರೂ ಒಂದು ಧೈರ್ಯವಿತ್ತು. ಗಂಡಸಾ ಎಂದರೂ ಯೆಸ್ ಎನ್ನುವವರ ಯೆಸ್‌ಗೆ ಬೆಲೆಯೇನು? ಇನ್‌ಸ್ಪೆಕ್ಟರ್‌ಗೂ ಹಾಗೇ ಅನ್ನಿಸಿರಬೇಕು. ನೋಟ್‌ಬುಕ್ ಮುಚ್ಚಿ, ಬೆರಳು ಪುಟದ ನಡುವೆ ಇಟ್ಟುಕೊಂಡೇ ಇಸ್ತ್ರಿ ಮೇಜುಗಳ ಕಡೆ ಬಂದಳು. ಅಕ್ಕನ ಮುಂದೆ ನಿಂತಳು. ತೆರೆದ ಬಾಗಿಲು ತೋರಿಸಿ, ಬೇರೆ ದಿನಗಳಲ್ಲಿ ಇದಕ್ಕೆ ಬೀಗ ಹಾಕಿರುತ್ತದೆಯೇ ಎಂದು ಕೇಳಿದಳು. ಕೇಳುವಾಗ ಅವಳ ದನಿಯಲ್ಲಿ ಆಸೆಯೇನೂ ಇರಲಿಲ್ಲ.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಕೈ ಒರೆಸಿಕೊಂಡಳು. “ಯೆಸ್” ಎಂದಳು. “ದ ಡೋರ್ ಈಸ್ ಲಾಕ್ಡ್.” ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. “ದ ಕೀ ಈಸ್ ಇನ್ ದ ಡ್ರಾಯರ್. ಮ್ಯಾನೇಜರ್ ಡ್ರಾಯರ್. ಒನ್ ಡೇ ಸ್ಮೋಕ್ ಕೇಮ್. ಏಟೀನ್ ವಿಮೆನ್ ಸ್ಟುಡ್ ಹಿಯರ್.” ಬಾಗಿಲ ಮುಂದೆ ಹೋಗಿ, ಅಂದು ತಾನು ನಿಂತಿದ್ದ ಜಾಗವನ್ನು ಕಾಲಿನಿಂದ ತೋರಿಸಿದಳು.

ಒಂದೊಂದು ಶಬ್ದವೂ ನಾನು ಕಲಿಸಿದ್ದೇ. ಕೀ, ಡ್ರಾಯರು, ಕೇಮ್, ಸ್ಟುಡ್, ಒಂದರಿಂದ ಇಪ್ಪತ್ತರವರೆಗಿನ ಎಣಿಕೆ. ಒಂದು ‘ನಾಟ್’ ಇಲ್ಲ, ಒಂದು ‘ನೋ’ ಇಲ್ಲ. ಕಾರ್ಖಾನೆಯ ನಿಯಮದ ಪ್ರಕಾರ ಇಡೀ ಮಾತು ಅಪ್ಪಟ ಪಾಸಿಟಿವ್.

ಇನ್‌ಸ್ಪೆಕ್ಟರ್ ನೋಟ್‌ಬುಕ್ ತೆರೆದಳು. ಹತ್ತು ನಿಮಿಷದಲ್ಲಿ ಮ್ಯಾನೇಜರ ಕೋಣೆಗೆ ಹೋಗಿ ಡ್ರಾಯರ್ ತೆಗೆಸಿದಳು. ಕೀಲಿಗೆ ‘ಇಸ್ತ್ರಿ, ಹಿಂಬಾಗಿಲು’ ಎಂಬ ಚೀಟಿ ಕಟ್ಟಿತ್ತು. ಚೀಟಿಯ ಅಕ್ಷರ ಪಾಸಿಟಿವ್ ಸಾರ್ ಅವರದೇ, ಬಹಳ ಮುದ್ದಾಗಿತ್ತು.

ಮರುದಿನವೇ ಆ ಬಾಗಿಲಿನ ಬೀಗದ ಕೊಂಡಿಯನ್ನೇ ಗ್ಯಾಸ್ ಕಟರಿನಿಂದ ಕತ್ತರಿಸಿ ತೆಗೆದರು. ಸರಿಪಡಿಸಿಕೊಳ್ಳಲು ಕಾರ್ಖಾನೆಗೆ ಮೂರು ತಿಂಗಳು ಗಡುವು ಸಿಕ್ಕಿತು. ಮಾತಾಡಿದ ಕೆಲಸದವರನ್ನು ಮುಟ್ಟಬಾರದು ಎಂದು ಬರೆದೂ ಹೋಗಿದ್ದರು. ಹಾಗೆ ಬರೆದು ಹೋದವರು ವಿಮಾನ ಹತ್ತಿ ಹೋದರು, ನಾವು ಇಲ್ಲೇ ಇದ್ದೆವು. ಮೂರನೆಯ ದಿನ ಪಾಸಿಟಿವ್ ಸಾರ್ ನನ್ನನ್ನು ಕರೆಸಿದರು.

ಮೇಜಿನ ಮೇಲೆ ಟೈಪಾದ ಹಾಳೆಯೊಂದಿತ್ತು, ನನ್ನ ಖಾಯಂ ಆದೇಶ. ಸಹಿಯ ಜಾಗ ಮಾತ್ರ ಖಾಲಿ. ಅವರು ನನಗೆ ಟೀ ತರಿಸಿದರು.

“ಹೆಡ್ಡಾಫೀಸಿನವರು ವರದಿ ಕೇಳ್ತಾ ಇದಾರೆ ಮೇಷ್ಟ್ರೇ. ಮಿಕ್ಕವರದ್ದು ಬಿಡಿ, ಕೇಳಿದ್ದಕ್ಕೆಲ್ಲ ಯೆಸ್ ಅಂದ್ರು. ನಿಮ್ಮಕ್ಕ ಹಾಗಲ್ಲ, ಕೇಳದ್ದನ್ನೂ ಹೇಳಿದ್ರು. ಅವರು ಬೇಕಂತಲೇ ಹೇಳಿದ್ರಾ, ಅಥವಾ ಇಲ್ಲ ಅನ್ನೋಕೆ ಬಾರದೆ ಬಾಯಿಗೆ ಬಂದಿದ್ದು ಹೇಳಿದ್ರಾ?”

“ಬೇಕಂತಲೇ ಆಗಿದ್ರೆ ಸಾರ್?”

“ಆಗ ಅವರಿಗೆ ಹೊರಗಡೆ ಇನ್ನೂ ಒಳ್ಳೆ ಅವಕಾಶ ಕಾಯ್ತಾ ಇದೆ. ಈಗಲೇ ಅಂತಲ್ಲ. ನಾಲ್ಕು ತಿಂಗಳು ಬಿಟ್ಟು, ಬೇರೆ ಯಾವುದೋ ಕಾರಣಕ್ಕೆ. ನೀವು ನಮ್ಮ ಜೊತೆನೇ ಇರ್ತೀರಿ.” ಹಾಳೆಯನ್ನು ಒಂದಿಷ್ಟು ನನ್ನ ಕಡೆಗೆ ತಳ್ಳಿದರು.

“ಬಾರದೆ ಹೇಳಿದ್ರೆ?”

“ಆಗ ಅದು ತರಬೇತಿಯ ದೋಷ. ಒಳ್ಳೆ ಅವಕಾಶ ನಿಮಗೆ.”

ಅಷ್ಟು ಕೆಟ್ಟ ಮಾತನ್ನು ಅಷ್ಟು ಸಿಹಿಯಾಗಿ ಹೇಳುವುದನ್ನು ನಾನು ಅದೇ ಮೊದಲು ಕೇಳಿದ್ದು. ನಾನು ಆ ಹಾಳೆಯನ್ನು ನೋಡಿದೆ. ಸುಳ್ಳೇಕೆ ಹೇಳಲಿ, ಬಹಳ ಹೊತ್ತೇ ನೋಡಿದೆ. ಅದರಲ್ಲಿ ಒಂದು ಬಾಡಿಗೆ ಕೋಣೆ ಕಂಡಿತು, ನನ್ನದೇ ಒಂದು ಮಂಚ ಕಂಡಿತು, ಬೆಳಿಗ್ಗೆ ಮಡಿಸದ ಪೇಪರ್ ಕಂಡಿತು. ಅಕ್ಕ ಬೇಕೆಂದೇ ಹೇಳಿದ್ದಾಳೆಂದು ನನಗೆ ಗೊತ್ತಿತ್ತು. ನಾಲ್ಕು ವಾಕ್ಯಗಳನ್ನು ಹಾಗೆ ಸಾಲಾಗಿ ಜೋಡಿಸಲು ಅವಳು ಎಷ್ಟು ದಿನ ಇಸ್ತ್ರಿಯ ಆವಿಯಲ್ಲಿ ಬಾಯಿಪಾಠ ಮಾಡಿದ್ದಾಳೋ. ಅದರಿಂದ ನನ್ನ ಕೆಲಸಕ್ಕೆ ಕುತ್ತು ಬರುತ್ತದೆಂದೂ ಅವಳಿಗೆ ಗೊತ್ತಿರಲೇಬೇಕು. ಸಿಟ್ಟು ಬಂತು. ಅದರ ಹಿಂದೆಯೇ, ಹೊಗೆಯಲ್ಲಿ ಬಾಗಿಲು ಗುದ್ದುತ್ತ ನಿಂತವಳಿಗೆ ‘ಪಾಠದಲ್ಲಿ ಬರಲ್ಲ’ ಎಂದ ನನ್ನ ದನಿ ನನಗೇ ಕೇಳಿಸಿತು.

“ಅವಳಿಗೆ ಇಲ್ಲ ಅನ್ನೋಕೆ ಬರಲ್ಲ ಸಾರ್,” ಎಂದೆ. “ನಾನು ಕಲಿಸಲಿಲ್ಲ. ಅವಳಿಗೇನೂ ಗೊತ್ತಿಲ್ಲ.”

ಪಾಸಿಟಿವ್ ಸಾರ್ ಮುಖ ಕಿವುಚಿದರು. “ಎಷ್ಟು ಇಲ್ಲ ಮೇಷ್ಟ್ರೇ! ವರದಿಯಲ್ಲಿ ಸ್ವಲ್ಪ ಪಾಸಿಟಿವ್ ಆಗಿ ಬರೆದುಕೊಡಿ.”

‘ತರಬೇತಿಯ ದೋಷ ನನ್ನದು’ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಟೀ ಕುಡಿದೇ ಎದ್ದೆ. ಬಿಟ್ಟು ಬರುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಸಂಜೆ ಅಕ್ಕ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ವಿಷಯ ಹೇಳಿದೆ. ಭಾವ ಟಿವಿಯ ದನಿ ತಗ್ಗಿಸಿದರು. ಅವಳು ಅಳಬಹುದು, ಕೊನೆಯ ಪಕ್ಷ ನನ್ನ ತಲೆ ಸವರಬಹುದು ಎಂದು ನಾನು ಮುಖವನ್ನು ಅದಕ್ಕೆ ತಕ್ಕ ಹಾಗೆ ಇಟ್ಟುಕೊಂಡಿದ್ದೆ. ನಿಜ ಹೇಳಬೇಕೆಂದರೆ ದಾರಿಯುದ್ದಕ್ಕೂ ಆ ಗಳಿಗೆಯನ್ನೇ ಕಾಯುತ್ತ ಬಂದಿದ್ದೆ.

ಅಕ್ಕನ ಮುಖ ಕೆಂಪಾಯಿತು. “ಏನಂದೆ? ನನಗೇನೂ ಗೊತ್ತಿಲ್ಲ ಅಂದ್ಯಾ?”

“ಹಾಗನ್ನದಿದ್ರೆ ನಿನ್ನ ಕೆಲಸ ಹೋಗ್ತಿತ್ತು ಅಕ್ಕ.”

“ನಾನು ಬಾಯಿಗೆ ಬಂದಿದ್ದು ಒದರಿದೆ, ದಡ್ಡಿ ಅಂತ ಬರೆದುಕೊಟ್ಟು ಬಂದೆ ಅಲ್ವಾ?”

ಅವಳು ದಡದಡನೆ ಒಳಗೆ ಹೋಗಿ, ಮಗಳ ಹಳೆಯದೊಂದು ನೋಟ್‌ಬುಕ್ಕನ್ನು ತಂದು ನನ್ನ ಮುಂದೆ ಎಸೆದಳು. ತಿರುವಿದೆ. ಪುಟಪುಟವೂ ಅವಳ ದುಂಡು ಅಕ್ಷರ. ಮಗಳ ಪಠ್ಯಪುಸ್ತಕ ನೋಡಿಕೊಂಡು ನಿಷೇಧ ವಾಕ್ಯಗಳನ್ನು ಬರೆದು, ತಪ್ಪಾದದ್ದನ್ನು ಹೊಡೆದು, ಮತ್ತೆ ಬರೆದಿದ್ದಳು. ‘ಡಸ್ ನಾಟ್’ ಬಂದ ಕಡೆಯಲ್ಲೆಲ್ಲ ಮುಂದಿನ ಕ್ರಿಯಾಪದದ ‘ಎಸ್’ಗೆ ಕೆಂಪು ಗೀಟು. ತನ್ನ ಮೇಷ್ಟ್ರು ತಾನೇ ಆಗಿದ್ದಳು. ಆ ಮನೆಯಲ್ಲಿ ಇಪ್ಪತ್ತೆರಡು ವರ್ಷದ ಅನುಭವಿಯೊಬ್ಬ ದಿವಾನದ ಮೇಲೆ ಗೊರಕೆ ಹೊಡೆಯುತ್ತಿದ್ದ.

“ಆ ಮೇಡಂ ಕೇಳಿದಾಗ ಆ ಸಾರ್‌ಗೆ ಬೇಕಾದ ಹಾಗೆ ಹೇಳಕ್ಕೆ ನನಗೆ ಬರ್ತಿರ್ಲಿಲ್ಲ ಅಂದ್ಕೊಂಡ್ಯಾ? ಕೇಳು.”

ಅವಳು ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು, ಶಾಲೆಯ ಹುಡುಗಿಯ ಹಾಗೆ. “ದ ಡೋರ್ ಈಸ್ ನಾಟ್ ಲಾಕ್ಡ್. ದ ಮ್ಯಾನೇಜರ್ ಡಸ್ ನಾಟ್ ಕೀಪ್ ದ ಕೀ. ದ ಸೂಪರ್‌ವೈಸರ್ ಡಸ್ ನಾಟ್ ಶೌಟ್. ವಿ ಡು ನಾಟ್ ವರ್ಕ್ ಆನ್ ಸಂಡೇ. ಸ್ಮೋಕ್ ಡಿಡ್ ನಾಟ್ ಕಮ್. ವಿ ಡಿಡ್ ನಾಟ್ ಕ್ರೈ.”

‘ಡಿಡ್ ನಾಟ್’ ಬಂದಾಗ ‘ಕೇಮ್’ ಹೋಗಿ ‘ಕಮ್’ ಆಗಬೇಕು ಎಂಬುದು ನನ್ನ ಹುಡುಗರಲ್ಲಿ ನೂರಕ್ಕೆ ಎಂಬತ್ತು ಮಂದಿಗೆ ಕೊನೆಯವರೆಗೂ ಹತ್ತಲಿಲ್ಲ. ಅವಳು ಎಲ್ಲಿಯೂ ಎಡವಲಿಲ್ಲ.

“ಹೇಳು,” ಎಂದಳು. “ಏನಾದ್ರೂ ತಪ್ಪಿದ್ಯಾ?”

ಭಾವ ನನ್ನ ಮುಖವನ್ನೇ ನೋಡುತ್ತಿದ್ದರು.

“ಇಲ್ಲ ಅಕ್ಕ,” ಎಂದೆ.